ತೂಬು ನಮ್ಮ ಕೈಯಲ್ಲಿರಲಿ

ವಿ.ಸಿ. ನಾಲೆ ನಮಗೆಲ್ಲ ಗೊತ್ತು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕಿನ ಗದ್ದೆಗಳಿಗೆ ಅದರ ನೀರು ಹರಿಯುತ್ತದೆ. ತೂಬು ಮುಚ್ಚಿಯೇ ಇಟ್ಟರೆ ಪೈರು ಒಣಗುತ್ತದೆ. ತೆರೆದೇ ಬಿಟ್ಟರೆ ಬದು ಒಡೆದು ಪೈರು ಕೊಚ್ಚಿ ಹೋಗುತ್ತದೆ. ಬೇಕಾದಾಗ ತೆರೆಯಬೇಕು. ಬೇಡವಾದಾಗ ಮುಚ್ಚಬೇಕು.

ಫೋನಿನ ವಾಟ್ಸಾಪ್ ಕೂಡ ಹಾಗೆಯೇ.

ವಾಟ್ಸಾಪ್ ನಮಗೆ ಬೇಕು. ಸಂಘದ ಸಭೆ ಯಾವತ್ತು ಎಂದು ಅದರಲ್ಲಿ ತಿಳಿಯುತ್ತದೆ. ಬೆಂಗಳೂರಿನಲ್ಲಿರುವ ಮಗಳ ಮುಖ ಅದರಲ್ಲಿ ಕಾಣುತ್ತದೆ. "ಮೋಸ ಆಯ್ತದೆ, ಫೋನೇ ಬ್ಯಾಡ" ಎನ್ನುವುದು ತೂಬು ಮುಚ್ಚಿಟ್ಟಂತೆ. ಕೇಳಿದವರಿಗೆಲ್ಲ ಗುಟ್ಟು ಹೇಳುವುದು ತೂಬು ತೆರೆದುಬಿಟ್ಟಂತೆ.

ಮೋಸ ಹೇಗೆ ನಡೆಯುತ್ತದೆ? ನೋಡೋಣ.

ಮೋಸಗಾರ ತನ್ನ ಫೋನಿನ ವಾಟ್ಸಾಪ್‌ನಲ್ಲಿ ನಮ್ಮ ಫೋನ್ ನಂಬರ್ ಹಾಕುತ್ತಾನೆ. ಆಗ ನಮ್ಮ ಫೋನಿಗೆ 6 ಅಂಕಿಯ ಸಂದೇಶ ಬರುತ್ತದೆ. ಕೂಡಲೇ ಅವನು ಕರೆ ಮಾಡುತ್ತಾನೆ.

"ಅಕ್ಕಾ, ಗೃಹಲಕ್ಷ್ಮಿ ದುಡ್ಡು ಬಂದದೆ. ನಿಮ್ಮ ಫೋನಿಗೆ ಬಂದಿರೋ ಅಂಕಿ ಹೇಳಿ" ಎನ್ನುತ್ತಾನೆ.

ಹೇಳಿದರೆ ನಮ್ಮ ವಾಟ್ಸಾಪ್ ಅವನ ಫೋನಿನಲ್ಲಿ ತೆರೆಯುತ್ತದೆ. ನಮ್ಮ ಫೋನಿನಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಅವನು ನಮ್ಮ ಹೆಸರಿನಲ್ಲಿ ಸಂಘದವರಿಗೆ ಬರೆಯುತ್ತಾನೆ. "ಆಸ್ಪತ್ರೆಲಿ ಇದ್ದೀನಿ, 5,000 ರೂಪಾಯಿ ಕಳ್ಸಿ." ನಮ್ಮನ್ನು ನಂಬಿದವರು ಕಳಿಸಿಬಿಡುತ್ತಾರೆ. ದುಡ್ಡಿನ ಜೊತೆ ನಂಬಿಕೆಯೂ ಹೋಗುತ್ತದೆ.

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದರ 2,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಅದಕ್ಕೆ ವಾಟ್ಸಾಪ್ ಅಂಕಿ ಬೇಕಿಲ್ಲ.

ಅಂಕಿ ಬಂದಾಗ ಸಂದೇಶವನ್ನು ಪೂರ್ತಿ ಓದೋಣ. ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿದ್ದರೆ ಮನೆಯ ಮಕ್ಕಳಿಂದ ಓದಿಸೋಣ. ಹಿಂದೆ ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದಿಯೇ ಬೆರಳು ಒತ್ತೋಣ.

ಇನ್ನೊಂದು ಕಾವಲೂ ಇದೆ. 2017ರಿಂದ ಇದು ಎಲ್ಲರ ವಾಟ್ಸಾಪ್‌ನಲ್ಲೂ ಸಿಗುತ್ತಿದೆ. ಸೆಟ್ಟಿಂಗ್ಸ್ ಒತ್ತಿ. ಅದರಲ್ಲಿ ಅಕೌಂಟ್ ಒತ್ತಿ. ಆಮೇಲೆ ಟೂ ಸ್ಟೆಪ್ ವೆರಿಫಿಕೇಶನ್ ಒತ್ತಿ. ಅಲ್ಲಿ ನಾವೇ ಆರಿಸಿದ 6 ಅಂಕಿ ಹಾಕಬೇಕು. ಇದಿದ್ದರೆ ಸಂದೇಶದ ಅಂಕಿ ಸಿಕ್ಕರೂ ಮೋಸಗಾರ ಒಳಗೆ ಬರಲಾರ.

123456 ಎಂದು ಹಾಕಬೇಡಿ. ಹುಟ್ಟಿದ ದಿನ ಹಾಕಬೇಡಿ. ಹಾಗಂತ ನೆನಪೇ ಉಳಿಯದ ಅಂಕಿಯೂ ಬೇಡ. ಗೋಡೆಯ ಮೇಲೆ ಬರೆದಿಟ್ಟರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ವಾಟ್ಸಾಪ್ ಈ ಅಂಕಿಯನ್ನು ಆಗಾಗ ಕೇಳುತ್ತದೆ. "ಇದೇನ್ ಕಾಟ" ಅನ್ನಿಸಬಹುದು. ನಾವು ಮರೆಯದಿರಲಿ ಎಂದೇ ಅದು ಕೇಳುವುದು. ಸ್ವಲ್ಪ ತೊಂದರೆ, ಹೆಚ್ಚು ಕಾವಲು.

ಮೋಸ ಆಗಿಯೇ ಹೋದರೆ? ನಾಚಿಕೆ ಬೇಡ. ಮೊದಲು ಸಂಘದವರಿಗೆ ಕರೆ ಮಾಡಿ, "ನನ್ನ ಹೆಸರಲ್ಲಿ ಕೇಳಿದರೆ ದುಡ್ಡು ಕಳಿಸಬೇಡಿ" ಎಂದು ಹೇಳಿ. ನಮ್ಮ ಫೋನಿನ ವಾಟ್ಸಾಪ್‌ನಲ್ಲಿ ನಮ್ಮ ನಂಬರ್ ಮತ್ತೆ ಹಾಕಿ. ಹೊಸ ಅಂಕಿ ನಮಗೇ ಬರುತ್ತದೆ. ಅದನ್ನು ಹಾಕಿದರೆ ಮೋಸಗಾರ ಹೊರಗೆ ಬೀಳುತ್ತಾನೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಂಡ್ಯದ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ನೀರು ಹರಿಯಲಿ. ತೂಬು ನಮ್ಮ ಕೈಯಲ್ಲಿರಲಿ.

ಓದಿ, ಉತ್ತರ ಬರೆಯಿರಿ
1. 6 ಅಂಕಿಯ ಸಂದೇಶ ಬಂದಾಗ ಏನು ಮಾಡಬೇಕು?
2. ಎಂಥ ಗುಟ್ಟಿನ ಅಂಕಿ ಒಳ್ಳೆಯದು?
3. ದುಡ್ಡು ಹೋದರೆ ಯಾವ ನಂಬರಿಗೆ ಕರೆ ಮಾಡಬೇಕು?