ಕ್ಲೈಂಬಿಂಗ್ ಗೇರ್: ಯಾವುದನ್ನ ರಿಪೇರಿ ಮಾಡಬಹುದು, ಯಾವುದನ್ನ ಕತ್ತರಿಸಿ ಎಸೀಬೇಕು?

ರಾಮನಗರಕ್ಕೋ ಬಾದಾಮಿಗೋ ಹೊರಟ ಕಾಲೇಜು ತಂಡದ ಗೇರ್ ಬ್ಯಾಗ್ ಬಿಚ್ಚಿ ನೋಡಿ. ಈ ವರ್ಷ ಕೊಂಡದ್ದು, ಸೀನಿಯರ್ಸ್ ಬಿಟ್ಟು ಹೋದದ್ದು, ಯಾರದು ಅಂತ ಯಾರಿಗೂ ಗೊತ್ತಿಲ್ಲದ್ದು, ಎಲ್ಲಾ ಒಟ್ಟಿಗೆ ಇರುತ್ತೆ. ಈ ಸಾಮಾನು ದುಬಾರಿ, ಹೆಚ್ಚಿನದು ಹೊರದೇಶದಿಂದ ಬರೋದು. ಹಾಗಾಗಿ "ಸ್ವಲ್ಪ ಸರಿಮಾಡಿದ್ರೆ ಇನ್ನೊಂದು ಸೀಸನ್ ನಡೆಯುತ್ತೆ ಬಿಡೋ" ಅನ್ನೋ ಮಾತು ಸಹಜ. ಆ ಮಾತು ಕೆಲವು ಸಲ ಪೂರ್ತಿ ಸರಿ, ಕೆಲವು ಸಲ ಪ್ರಾಣಕ್ಕೇ ಕುತ್ತು. ಯಾವಾಗ ಯಾವುದು ಅಂತ ತಿಳಿಯೋದಕ್ಕೆ ನಾವು ಮೊದಲ ವರ್ಷದಲ್ಲಿ ಓದಿದ ಮೆಕ್ಯಾನಿಕ್ಸ್ ಮತ್ತು ಒಂಚೂರು ಮೆಟೀರಿಯಲ್ ಸೈನ್ಸ್ ಸಾಕು.

ಮೊದಲ ಪ್ರಶ್ನೆ: ಭಾರ ಯಾರ ಮೇಲೆ?

ಒಬ್ಬ ಕ್ಲೈಂಬರ್ ಬಿದ್ದಾಗ ಆ ಬಲ ಹಗ್ಗದಿಂದ ಕ್ಯಾರಬೈನರ್‌ಗೆ, ಅಲ್ಲಿಂದ ಸ್ಲಿಂಗ್‌ಗೆ, ಸ್ಲಿಂಗ್‌ನಿಂದ ಕ್ಯಾಮ್‌ಗೋ ಬೋಲ್ಟ್‌ಗೋ, ಕೊನೆಗೆ ಬಂಡೆಗೆ ಹೋಗುತ್ತೆ. ಇದು ಭಾರದ ದಾರಿ. ಈ ದಾರಿಯಲ್ಲಿ ಇರುವ ಯಾವ ಭಾಗವನ್ನೂ ಮನೇಲಿ ಕೂತು ಹೊಲಿದು, ಅಂಟಿಸಿ, ಬೆಸುಗೆ ಹಾಕಿ ರಿಪೇರಿ ಮಾಡಬಾರದು. ದಾರಿಯ ಹೊರಗಿರುವ ಭಾಗವನ್ನು, ತಯಾರಕರು ಹೇಳಿದ ರೀತಿಯಲ್ಲಿ, ಧಾರಾಳವಾಗಿ ಸರಿಮಾಡಬಹುದು. ಮುಂದೆ ಹೇಳೋದೆಲ್ಲ ಈ ಒಂದು ನಿಯಮದ ವಿಸ್ತರಣೆ ಅಷ್ಟೇ.

ಕ್ಯಾಮ್: ಒಂದು ಕೋನದ ಮೇಲೆ ನಿಂತ ಯಂತ್ರ

ಬಂಡೆಯ ಬಿರುಕಿನೊಳಗೆ ತೂರಿಸಿ ಬಿಟ್ಟರೆ ಸ್ಪ್ರಿಂಗ್ ಬಲದಿಂದ ಅರಳಿ ಕೂರುವ ಸಾಧನವೇ ಕ್ಯಾಮ್. ಏರೋಸ್ಪೇಸ್ ಕೆಲಸ ಬಿಟ್ಟು ಬಂಡೆ ಹತ್ತೋಕೆ ಹೋದ ರೇ ಜಾರ್ಡೀನ್ ಇದನ್ನು ರೂಪಿಸಿದರು. 1978ರಲ್ಲಿ 'ಫ್ರೆಂಡ್' ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಇದರ ಎಲೆಗಳ ಅಂಚು ಲಾಗರಿದಮಿಕ್ ಸುರುಳಿ. ಅಂದರೆ ಬಿರುಕು ಅಗಲ ಇರಲಿ, ಸಣ್ಣ ಇರಲಿ, ಬಂಡೆಗೆ ತಾಗುವ ಕೋನ ಬದಲಾಗಲ್ಲ. ಜಾರ್ಡೀನ್ ಆರಿಸಿದ ಕೋನ 13.75 ಡಿಗ್ರಿ.

ಈಗ ಫ್ರೀ ಬಾಡಿ ಡಯಾಗ್ರಾಮ್ ಬರೀರಿ. ಕೆಳಗೆ ಎಳೆಯುವ ಬಲ ಎಫ್. ಎರಡು ಕಡೆಯ ಗೋಡೆಯಲ್ಲೂ ಘರ್ಷಣೆ ತಲಾ ಎಫ್/2. ಆ ಘರ್ಷಣೆಗೂ ಗೋಡೆಯನ್ನು ಒತ್ತುವ ಬಲಕ್ಕೂ ಇರುವ ಅನುಪಾತ ಟ್ಯಾನ್ 13.75, ಅಂದರೆ ಸುಮಾರು 0.245. ಇದರಿಂದ ಎರಡು ವಿಷಯ ಸಿಗುತ್ತೆ. ಒಂದು, 5 ಕಿಲೋನ್ಯೂಟನ್ ಎಳೆತ ಬಂದರೆ ಪ್ರತಿ ಗೋಡೆಯ ಮೇಲೂ ಸುಮಾರು 10 ಕಿಲೋನ್ಯೂಟನ್ ಒತ್ತಡ ಬೀಳುತ್ತೆ. ಎರಡು, ಬಂಡೆಗೂ ಅಲ್ಯೂಮಿನಿಯಂ ಎಲೆಗೂ ನಡುವಿನ ಘರ್ಷಣಾಂಕ 0.245ಕ್ಕಿಂತ ಕಡಿಮೆಯಾದರೆ ಕ್ಯಾಮ್ ಜಾರುತ್ತೆ. ಸ್ಲಿಂಗ್ ಮೇಲೆ ಎಷ್ಟು ಕಿಲೋನ್ಯೂಟನ್ ಅಂತ ಅಚ್ಚಾಗಿದ್ದರೂ ಅದು ಆಗ ಲೆಕ್ಕಕ್ಕಿಲ್ಲ.

ರಿಪೇರಿಯ ವಿಚಾರ ಇಲ್ಲೇ ಬರೋದು. ಧೂಳು ತುಂಬಿ ಎಲೆಗಳು ಬಿಗಿಯಾದರೆ ಉಗುರುಬೆಚ್ಚಗಿನ ಸೋಪು ನೀರು, ಹಳೇ ಟೂತ್‌ಬ್ರಷ್ ಸಾಕು. ಪೂರ್ತಿ ಒಣಗಿಸಿ, ಆಕ್ಸಲ್ ಹತ್ತಿರ ಮೇಣದ ಆಧಾರದ ಒಣ ಲೂಬ್ರಿಕೆಂಟ್ ಹಾಕಿ. ಬೈಕ್ ಚೈನಿಗೆ ಹಾಕೋ ಎಣ್ಣೆ ಬೇಡ, ಅದು ಇನ್ನಷ್ಟು ಧೂಳು ಹಿಡಿಯುತ್ತೆ. ಎಲೆಯ ಅಂಚಿಗೆ ತಾಗಿದ ಲೂಬ್ರಿಕೆಂಟನ್ನು ಬಟ್ಟೆಯಿಂದ ಒರೆಸಲೇಬೇಕು. ಕಾರಣ ಮೇಲಿನ ಲೆಕ್ಕದಲ್ಲೇ ಇದೆ.

ಟ್ರಿಗರ್ ತಂತಿ ಕಿತ್ತು ಹೋಗಿದೆಯಾ? ಅದು ಎಲೆಗಳನ್ನು ಒಳಕ್ಕೆಳೆಯೋಕೆ ಮಾತ್ರ, ಭಾರ ಹೊರೋದಿಲ್ಲ. ತಯಾರಕರ ರಿಪೇರಿ ಕಿಟ್ ಸಿಕ್ಕರೆ ನೀವೇ ಬದಲಿಸಬಹುದು. ಆದರೆ ಎಲೆಯ ಅಂಚು ಚಪ್ಪಟೆಯಾಗಿದ್ದರೆ ಅರ ಹಿಡಿದು ತಿದ್ದೋಕೆ ಹೋಗಬೇಡಿ. ಸುರುಳಿಯ ಆಕಾರ ಬದಲಾದರೆ 13.75 ಡಿಗ್ರಿ ಉಳಿಯಲ್ಲ. ಆಕ್ಸಲ್ ಬಾಗಿದ್ದರೆ, ಎಲೆ ಬಿರುಕು ಬಿಟ್ಟಿದ್ದರೆ ಅಲ್ಲಿಗೆ ಮುಗೀತು.

ಕ್ಯಾರಬೈನರ್: ಬಾಗಿಲು ಮುಚ್ಚುತ್ತಾ?

ಮಾನದಂಡದ ಪ್ರಕಾರ ಸಾಮಾನ್ಯ ಕ್ಯಾರಬೈನರ್ ಗೇಟ್ ಮುಚ್ಚಿದ್ದಾಗ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ತಡೀಬೇಕು. ಗೇಟ್ ತೆರೆದಿದ್ದರೆ ಬೇಕಾದದ್ದು 7 ಮಾತ್ರ. ಅಂದರೆ ಮಣ್ಣು ಸೇರಿ ಗೇಟ್ ಅರ್ಧಕ್ಕೇ ನಿಂತರೆ ಗಟ್ಟಿಮುಟ್ಟಾದ ಕ್ಯಾರಬೈನರ್‌ನ ಬಲ ಮೂರನೇ ಒಂದು ಭಾಗಕ್ಕೆ ಇಳಿಯಬಹುದು, ಅಲ್ಯೂಮಿನಿಯಂಗೆ ಏನೂ ಆಗದೆಯೇ! ತೊಳೆದು ಒಣಗಿಸಿ ಒಣ ಲೂಬ್ರಿಕೆಂಟ್ ಹಾಕಿ. ಆಮೇಲೂ ಗೇಟ್ ತಾನಾಗಿ ಟಪ್ ಅಂತ ಮುಚ್ಚದಿದ್ದರೆ ಅದನ್ನ ಕೀ ಚೈನ್ ಮಾಡ್ಕೊಳ್ಳಿ.

ಇನ್ನೊಂದು ಸಮಸ್ಯೆ ಹಗ್ಗದ ಸವೆತ. ಬಾದಾಮಿಯದು ಮರಳುಗಲ್ಲು. ಹಗ್ಗಕ್ಕೆ ಅಂಟಿದ ಮರಳು ಉಪ್ಪುಕಾಗದದ ಹಾಗೆ ಕ್ಯಾರಬೈನರ್ ತಿನ್ನುತ್ತೆ. ಹಗ್ಗ ಓಡುವ ಜಾಗದಲ್ಲಿ ಗಾಡಿ ಬಿದ್ದು, ಅದರ ಅಂಚು ಚಾಕುವಿನ ಹಾಗೆ ಚೂಪಾಗುತ್ತೆ. ಇಲ್ಲಿ ಕ್ಯಾರಬೈನರ್ ಮುರಿಯೋದಕ್ಕಿಂತ ಹಗ್ಗ ಕುಯ್ದುಹೋಗುವ ಅಪಾಯ ದೊಡ್ಡದು. ಬೆರಳಿಟ್ಟು ಸವರಿ, ಅಂಚು ಕೈಗೆ ಹತ್ತಿದರೆ ಎಸೀರಿ.

ಬಟ್ಟೆ: ಹೇಳದೇ ಸಾಯುವ ವಸ್ತು

ಲೋಹ ಕೊಂಚವಾದರೂ ಸೂಚನೆ ಕೊಡುತ್ತೆ: ಬಾಗುತ್ತೆ, ಸವೆಯುತ್ತೆ, ತುಕ್ಕು ಹಿಡಿಯುತ್ತೆ. ಸ್ಲಿಂಗ್, ಹಾರ್ನೆಸ್, ಹಗ್ಗ ಹಾಗಲ್ಲ. ನೈಲಾನ್ ಬಿಸಿಲಿನ ನೇರಳಾತೀತ ಕಿರಣಕ್ಕೆ ಒಳಗೊಳಗೇ ದುರ್ಬಲವಾಗುತ್ತೆ. ಡೈನೀಮಾ ಸ್ಲಿಂಗ್ ಹಗುರ, ಆದರೆ ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ, ಹಗ್ಗ ಉಜ್ಜಿ ಹುಟ್ಟುವ ಬಿಸಿಗೆ ಬೇಗ ಸೋಲುತ್ತೆ.

ಎಲ್ಲಕ್ಕಿಂತ ಕಳ್ಳ ಶತ್ರು ಬ್ಯಾಟರಿ ಆಸಿಡ್. ಗಂಧಕಾಮ್ಲ ನೈಲಾನಿನ ಪಾಲಿಮರ್ ಸರಪಳಿಯನ್ನೇ ತುಂಡು ಮಾಡುತ್ತೆ. ಬಣ್ಣ, ಹೊಲಿಗೆ ಎಲ್ಲಾ ಸರಿಯಾಗಿಯೇ ಕಾಣಬಹುದು, ಬಲ ಮಾತ್ರ ಇರಲ್ಲ. ಹಾಸ್ಟೆಲಿನ ಯುಪಿಎಸ್ ರೂಮಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಹಳೇ ಬ್ಯಾಟರಿ ಪಕ್ಕ ಗೇರ್ ಬ್ಯಾಗ್ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

2006ರ ಅಕ್ಟೋಬರ್‌ನಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಹೆಸರಾಂತ ಕ್ಲೈಂಬರ್ ಟಾಡ್ ಸ್ಕಿನ್ನರ್ ಹಗ್ಗದಲ್ಲಿ ಇಳಿಯುವಾಗ ಹಾರ್ನೆಸ್‌ನ ಬಿಲೇ ಲೂಪ್ ಕಿತ್ತುಬಂದು ತೀರಿಕೊಂಡರು. ಹೊಸ ಹಾರ್ನೆಸ್ 15 ಕಿಲೋನ್ಯೂಟನ್ ತಡೀಬೇಕು ಅಂತ ಮಾನದಂಡ ಇದೆ, ಹತ್ತಿರ ಹತ್ತಿರ ಒಂದೂವರೆ ಟನ್ ಭಾರ. ಇಳಿಯುವಾಗ ಬೀಳೋದು ಒಬ್ಬ ಮನುಷ್ಯನ ತೂಕ, ಒಂದೆರಡು ಕಿಲೋನ್ಯೂಟನ್ ಅಷ್ಟೇ. ಅದನ್ನೂ ತಡೆಯದಷ್ಟು ಲೂಪ್ ಸವೆದಿತ್ತು. ಸವೆದಿದೆ ಅಂತ ಅವರಿಗೆ ಗೊತ್ತಿತ್ತು, ಹೊಸದಕ್ಕೆ ಆರ್ಡರ್ ಕೂಡ ಮಾಡಿದ್ದರು. ಕಲಿಯಬೇಕಾದ್ದು ಇದು: ಅನುಮಾನ ಬಂದ ದಿನವೇ ಗೇರ್ ಪಕ್ಕಕ್ಕಿಡಬೇಕು, ಹೊಸದು ಬಂದ ದಿನ ಅಲ್ಲ.

ಬ್ಯಾಗಿನ ಪಟ್ಟಿ ಹೊಲಿಸಿದ ಹಾಗೆ ಸ್ಲಿಂಗ್ ಹೊಲಿಸೋ ಹಾಗಿಲ್ಲ. ಕ್ಯಾಮ್‌ನ ಲೋಹ ಚೆನ್ನಾಗಿದ್ದು ಸ್ಲಿಂಗ್ ಮಾತ್ರ ಹಳೇದಾದರೆ, ತಯಾರಕರೋ ಅವರು ಒಪ್ಪಿದ ಸೇವಾ ಕೇಂದ್ರದವರೋ ಹೊಸ ಸ್ಲಿಂಗ್ ಹಾಕಿ ಕೊಡ್ತಾರೆ. ಅದು ಯೋಗ್ಯವಾದ ರಿಪೇರಿ. ಅನೇಕ ತಯಾರಕರು ಬಟ್ಟೆಯ ಸಾಮಾನಿಗೆ, ಬಳಸದೇ ಇಟ್ಟಿದ್ದರೂ, ತಯಾರಾದ ದಿನದಿಂದ ಗರಿಷ್ಠ 10 ವರ್ಷ ಅಂತ ಮಿತಿ ಹಾಕಿದ್ದಾರೆ.

ಜೋಡಣೆಯ ತಪ್ಪು

2013ರಲ್ಲಿ ಫ್ರಾನ್ಸಿನ ಓರ್ಪಿಯೇರ್‌ನಲ್ಲಿ 12 ವರ್ಷದ ಇಟಲಿಯ ಹುಡುಗನೊಬ್ಬ ಬಿದ್ದು ಸತ್ತ. ಕ್ಯಾರಬೈನರ್ ಗಟ್ಟಿ, ಸ್ಲಿಂಗ್ ಗಟ್ಟಿ. ಆದರೆ ಕ್ಯಾರಬೈನರ್ ಅಲುಗಾಡದಿರಲಿ ಅಂತ ಹಾಕುವ ಪುಟ್ಟ ರಬ್ಬರನ್ನು ತಪ್ಪಾಗಿ ಜೋಡಿಸಿದ್ದರು. ಕ್ಯಾರಬೈನರ್ ಸ್ಲಿಂಗ್‌ನೊಳಗೆ ಹೋಗದೆ ಬರೀ ರಬ್ಬರಿನಲ್ಲಿ ನೇತಾಡ್ತಿತ್ತು. ಭಾರದ ದಾರಿಯಲ್ಲಿ ಇರಬಾರದ ವಸ್ತು ದಾರಿಯೊಳಗೆ ಬಂದುಬಿಟ್ಟಿತ್ತು. ಗೇರ್ ತೊಳೆದು ಮತ್ತೆ ಜೋಡಿಸಿದಾಗ ರಬ್ಬರ್ ಸರಿಸಿ ನೋಡಿ: ಸ್ಲಿಂಗ್ ಕ್ಯಾರಬೈನರ್ ಸುತ್ತ ಹೋಗಿದೆಯಾ? ಇನ್ನೊಬ್ಬರ ಕೈಲೂ ನೋಡಿಸಿ.

ಬಂಡೆಯಲ್ಲೇ ಉಳಿಯುವ ಬೋಲ್ಟ್

ಸ್ಟೇನ್‌ಲೆಸ್ ಹ್ಯಾಂಗರ್‌ಗೆ ಸತು ಲೇಪಿಸಿದ ಬೋಲ್ಟ್ ಹಾಕಿದರೆ ಗ್ಯಾಲ್ವನಿಕ್ ತುಕ್ಕು ಶುರು, ಬೋಲ್ಟ್ ಬೇಗ ಕರಗುತ್ತೆ. ಹಾಗಂತ ಸ್ಟೇನ್‌ಲೆಸ್ ಎಲ್ಲಾ ಕಡೆ ಸುರಕ್ಷಿತ ಅಲ್ಲ. ಥಾಯ್ಲೆಂಡಿನ ಸಮುದ್ರ ತೀರದ ಬಂಡೆಗಳಲ್ಲಿ ಕ್ಲೋರೈಡ್‌ನಿಂದ ಸ್ಟ್ರೆಸ್ ಕರೋಷನ್ ಆಗಿ, ಮೇಲೆ ಚೆನ್ನಾಗಿ ಕಾಣೋ ಸ್ಟೇನ್‌ಲೆಸ್ ಬೋಲ್ಟ್‌ಗಳು ಮುರಿದಿವೆ. ಅಲ್ಲೀಗ ಟೈಟೇನಿಯಂ ಬೋಲ್ಟ್ ಅಂಟಿಸಿ ಕೂರಿಸುತ್ತಿದ್ದಾರೆ. ತಿರುಗುವ, ಅಲುಗಾಡುವ, ಸುತ್ತ ತುಕ್ಕಿನ ಕಲೆ ಇಳಿದ ಬೋಲ್ಟ್ ಕಂಡರೆ ಅದನ್ನು ನಂಬಬೇಡಿ. ಅಲ್ಲಿನ ಹಿರಿಯ ಕ್ಲೈಂಬರ್‌ಗಳಿಗೆ ತಿಳಿಸಿ.

ನಿಮ್ಮ ಕ್ಲಬ್ಬಿಗೆ ಒಂದು ಸಂಜೆಯ ಕೆಲಸ

1. ಎಲ್ಲಾ ಗೇರ್ ಹರಡಿ ಮೂರು ಗುಂಪು ಮಾಡಿ: ಸರಿ ಇದೆ, ತೊಳೆದರೆ ಸರಿಹೋಗುತ್ತೆ, ನಿವೃತ್ತಿ.
2. ಪ್ರತಿ ಸಾಮಾನಿಗೂ ತಯಾರಾದ ವರ್ಷ, ಕೊಂಡ ದಿನ, ದೊಡ್ಡ ಬೀಳುವಿಕೆ ಏನಾದರೂ ತಡೆದಿದೆಯಾ ಅಂತ ಪುಸ್ತಕದಲ್ಲಿ ಬರೆದಿಡಿ. ಹಿನ್ನೆಲೆ ಗೊತ್ತಿಲ್ಲದ ಬಟ್ಟೆಯ ಸಾಮಾನು ನೇರ ಮೂರನೇ ಗುಂಪಿಗೆ.
3. ನಟ್‌ನ ತಂತಿಯಲ್ಲಿ ಒಂದೇ ಒಂದು ಎಳೆ ಕಿತ್ತಿದ್ದರೂ ಅದೂ ಅಲ್ಲಿಗೇ.
4. ನಿವೃತ್ತಿ ಕೊಟ್ಟ ಸ್ಲಿಂಗ್, ಹಾರ್ನೆಸ್ ಅಲ್ಲೇ ಕತ್ತರಿಸಿ. ಸುಮ್ಮನೆ ಮೂಲೆಗೆ ಎಸೆದರೆ ಮುಂದಿನ ವರ್ಷ ಯಾವನೋ ಜೂನಿಯರ್ ಅದನ್ನ ಹುಡುಕಿ ತೆಗೀತಾನೆ, "ಚೆನ್ನಾಗೇ ಇದೆಯಲ್ಲಾ" ಅಂತ ಹಾಕ್ಕೊಂಡು ಬಂಡೆ ಹತ್ತಾನೆ.