ಹೋಂಸ್ಟೇ, ಹೋಟೆಲುಗಳ ಪ್ಲಾಸ್ಟಿಕ್: ವಿಂಗಡಣೆ ಅಡುಗೆಮನೆಯಲ್ಲೇ ಆಗಬೇಕು

ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕಳಸದಂತಹ ಪ್ರವಾಸಿ ತಾಣಗಳ ಆಸುಪಾಸಿನ ಗ್ರಾಮ ಪಂಚಾಯಿತಿಗಳಲ್ಲಿ ಸೋಮವಾರದ ಕಸವೇ ಬೇರೆ. ವಾರಾಂತ್ಯದ ಅತಿಥಿಗಳು ತೆರಳಿದ ನಂತರ ಹೋಂಸ್ಟೇ, ರೆಸಾರ್ಟ್ ಹಾಗೂ ಹೋಟೆಲುಗಳಿಂದ ಬರುವ ಚೀಲಗಳಲ್ಲಿ ನೀರಿನ ಬಾಟಲಿ, ಶಾಂಪೂ ಪೊಟ್ಟಣ, ಪಾರ್ಸೆಲ್ ಡಬ್ಬಿ, ಉಳಿದ ಅನ್ನ ಸಾಂಬಾರು ಎಲ್ಲವೂ ಒಂದರೊಳಗೊಂದು ಸೇರಿರುತ್ತವೆ. ಸ್ವಚ್ಛ ಸಂಕೀರ್ಣದಲ್ಲಿ ಇದನ್ನು ಕೈಯಿಂದ ಬೇರ್ಪಡಿಸುವವರು ಸ್ವಸಹಾಯ ಸಂಘದ ಮಹಿಳೆಯರು. ಎಂಜಲು ಮೆತ್ತಿದ ಪ್ಲಾಸ್ಟಿಕ್ಕಿಗೆ ಗುಜರಿಯಲ್ಲಿ ಬೆಲೆ ಬಾರದಿದ್ದರೆ ನಷ್ಟವೂ ಅವರದೇ.

ನೀರಿನ ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಎಂದು ಮುದ್ರಿಸಿರುತ್ತಾರೆ. ಅದು ಪೆಟ್ ಪ್ಲಾಸ್ಟಿಕ್. ಮುಚ್ಚಳ ಬೇರೆ ಜಾತಿಯದು. ಮರುಬಳಕೆ ಘಟಕದಲ್ಲಿ ಎರಡನ್ನೂ ಪುಡಿಮಾಡಿ ನೀರಿಗೆ ಹಾಕಿದಾಗ ಪೆಟ್ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಆದುದರಿಂದ ಮುಚ್ಚಳದ ಬಗ್ಗೆ ಚಿಂತೆ ಬೇಡ. ತೊಂದರೆ ಇರುವುದು ಎಣ್ಣೆ ಮತ್ತು ಮುಸುರೆಯಲ್ಲಿ. ಹಸಿ ಕಸದ ಬಕೆಟ್ಟು ಒಣ ಕಸದ ಗೋಣಿಚೀಲದಿಂದ ದೂರವಿದ್ದರೆ ಅರ್ಧ ಕೆಲಸ ಮುಗಿದಂತೆ. ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿದರೆ ಅದೂ ಮರುಬಳಕೆಗೆ ಯೋಗ್ಯ. ಆದರೆ ಕತ್ತರಿಸುವಾಗ ಮೂಲೆಯ ತುಣುಕು ಪೊಟ್ಟಣಕ್ಕೇ ಅಂಟಿಕೊಂಡಿರಬೇಕು. ಬೇರೆಯಾಗಿ ಬಿದ್ದ ತುಣುಕನ್ನು ಯಾರೂ ಹೆಕ್ಕುವುದಿಲ್ಲ, ಅದು ಚರಂಡಿ ಸೇರುತ್ತದೆ.

ಶಾಂಪೂ ಪೊಟ್ಟಣದ ವಿಚಾರ ಹಾಗಲ್ಲ. ಪಾಲಿಯೆಸ್ಟರ್ ಹಾಳೆ, ಲೋಹದ ತೆಳು ಲೇಪನ, ಪಾಲಿಥೀನ್ ಇವು ಅದರಲ್ಲಿ ಬೆಸೆದುಕೊಂಡಿರುವುದರಿಂದ ಎಷ್ಟು ಶುಚಿಯಾಗಿ ವಿಂಗಡಿಸಿದರೂ ಕೊಳ್ಳುವವರಿಲ್ಲ. ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಕಳುಹಿಸುವುದು ಒಂದು ದಾರಿ, ಸಾಗಣೆಗೆ ಪುನಃ ಹಣ ಬೇಕು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾದ ಏಕಬಳಕೆ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇವೆ. ಶಾಂಪೂ ಪೊಟ್ಟಣವೂ ನೀರಿನ ಬಾಟಲಿಯೂ ಇಲ್ಲ. ಅಂದರೆ ದಂಡದ ರಸೀದಿಯಿಂದ ಇವು ನಿಲ್ಲುವುದಿಲ್ಲ, ಮಾಲೀಕರ ಖರೀದಿ ಚೀಟಿಯೇ ಬದಲಾಗಬೇಕು. ಸ್ನಾನದ ಕೋಣೆಯ ಗೋಡೆಗೆ ಮರುತುಂಬುವ ಡಬ್ಬಿ, ಊಟದ ಕೋಣೆಯಲ್ಲಿ ಶುದ್ಧೀಕರಿಸಿದ ನೀರಿನ ಸ್ಟೀಲ್ ಹೂಜಿ, ನಮ್ಮದೇ ಅಡಿಕೆ ಹಾಳೆಯ ತಟ್ಟೆ ಇಷ್ಟರಿಂದ ಆರಂಭಿಸಬಹುದು. ಪ್ಲಾಸ್ಟಿಕ್ ಬಿಟ್ಟೆವೆಂದು ಕೆಲವರು ಕಾಗದದ ಲೋಟ ತೋರಿಸುತ್ತಾರೆ. ಅದರ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪನವಿರುತ್ತದೆಂದು ಅವರಿಗೆ ತಿಳಿಸಬೇಕು.

ಕೇಂದ್ರ ಸರ್ಕಾರದ ಸ್ವಚ್ಛತಾ ಗ್ರೀನ್ ಲೀಫ್ ಶ್ರೇಯಾಂಕವು ಘನತ್ಯಾಜ್ಯ, ಮಲತ್ಯಾಜ್ಯ ಹಾಗೂ ಬೂದು ನೀರಿನ ನಿರ್ವಹಣೆಯನ್ನು ಪರಿಶೀಲಿಸಿ ವಸತಿಗೃಹಗಳಿಗೆ ಒಂದು, ಮೂರು ಅಥವಾ ಐದು ಎಲೆಗಳ ದರ್ಜೆ ನೀಡುತ್ತದೆ. ಅತಿಥಿಗಳಿಗೆ ಕಾಣುವಂತೆ ಹಾಕಿಕೊಳ್ಳಬಹುದಾದ ಈ ಫಲಕವು ಮಾಲೀಕರನ್ನು ಒಲಿಸಲು ನೋಟಿಸಿಗಿಂತ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ಪಂಚಾಯಿತಿಗಳು ಮೊದಲು ನಾಲ್ಕು ಸೋಮವಾರ ಪ್ರತಿ ಹೋಂಸ್ಟೇಯ ಒಣ ಕಸವನ್ನು ತೂಗಿ, ಮಾರಾಟಕ್ಕೆ ಯೋಗ್ಯವಾದುದೆಷ್ಟು, ಎಂಜಲಿನಿಂದ ಕೆಟ್ಟುದೆಷ್ಟು ಎಂದು ವಹಿಯಲ್ಲಿ ಬರೆದಿಡತಕ್ಕದ್ದು. ಪರವಾನಗಿ ನವೀಕರಣಕ್ಕೆ ಬಂದ ಮಾಲೀಕರ ಮುಂದೆ ಅವರವರ ಪುಟವನ್ನು ತೆರೆದಿಡಬೇಕು.