ಮಗುವಿನ ಮಾಧ್ಯಮ, ಮಾಧ್ಯಮದ ಭಾಷೆ: ಕನ್ನಡದ ಮಕ್ಕಳ ಓದು-ನೋಟಗಳನ್ನು ಕುರಿತು ಒಂದು ವಿವೇಚನೆ

1. ಪ್ರವೇಶ

ಕನ್ನಡದಲ್ಲಿ ‘ಮಾಧ್ಯಮ’ ಎಂಬ ಪದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಪುಸ್ತಕ, ಪತ್ರಿಕೆ, ಬಾನುಲಿ, ಚಲನಚಿತ್ರ, ದೂರದರ್ಶನಗಳನ್ನು ಸಮೂಹ ಮಾಧ್ಯಮಗಳೆಂದು ಕರೆಯುತ್ತೇವೆ. ಮಗು ಶಾಲೆಯಲ್ಲಿ ಯಾವ ಭಾಷೆಯ ಮೂಲಕ ಕಲಿಯುತ್ತದೆಯೋ ಅದನ್ನು ಶಿಕ್ಷಣ ಮಾಧ್ಯಮವೆಂದು ಕರೆಯುತ್ತೇವೆ. ಈ ಎರಡನೆಯ ಅರ್ಥದ ಮಾಧ್ಯಮವನ್ನು ಕುರಿತು ಕರ್ನಾಟಕದಲ್ಲಿ ಸುದೀರ್ಘವಾದ ಚರ್ಚೆ ನಡೆದಿದೆ. ಗೋಕಾಕ್ ವರದಿಯ ಜಾರಿಗಾಗಿ 1982ರಲ್ಲಿ ನಡೆದ ಚಳವಳಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡದಲ್ಲೇ ಬೋಧನೆಯಾಗಬೇಕೆಂದ 1994ರ ಸರ್ಕಾರಿ ಆದೇಶ, ಅಂತಹ ಕಡ್ಡಾಯ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ನೀಡಿದ ತೀರ್ಪು ಇವೆಲ್ಲವೂ ಆ ಚರ್ಚೆಯ ಮುಖ್ಯ ಘಟ್ಟಗಳು.

ಆದರೆ ಶಾಲೆಯ ಚೀಲವನ್ನು ಮೂಲೆಗಿಟ್ಟು ಮನೆಯ ಪರದೆಯ ಮುಂದೆ ಕುಳಿತ ಅದೇ ಮಗುವಿಗೆ ಕಥೆ ಹೇಳುತ್ತಿರುವ ಭಾಷೆ ಯಾವುದು ಎಂಬ ಪ್ರಶ್ನೆಯನ್ನು ನಾವು ಅಷ್ಟೇ ತೀವ್ರವಾಗಿ ಕೇಳಿಕೊಂಡಿಲ್ಲ. ಮಕ್ಕಳು ಮತ್ತು ಸಮೂಹ ಮಾಧ್ಯಮಗಳನ್ನು ಕುರಿತ ನಮ್ಮ ಬರಹಗಳಲ್ಲಿ ಹಿಂಸೆ, ಕಣ್ಣಿನ ಆರೋಗ್ಯ, ಓದಿನ ಹಿನ್ನಡೆ ಮೊದಲಾದ ಆತಂಕಗಳಿಗೆ ದೊರೆತ ಸ್ಥಾನವು ಭಾಷೆಯ ಪ್ರಶ್ನೆಗೆ ದೊರೆತಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯನ್ನು ಕೇಂದ್ರವಾಗಿಟ್ಟುಕೊಂಡು, ಕನ್ನಡದ ಮಕ್ಕಳಿಗೆ ಅಚ್ಚು, ದೂರದರ್ಶನ ಹಾಗೂ ಚಲನಚಿತ್ರಗಳು ಒದಗಿಬಂದ ಬಗೆಯನ್ನು ಪರಿಶೀಲಿಸುತ್ತದೆ. ಅನ್ಯ ಭಾಷೆಯ ಕಥೆಗಳನ್ನು ನಿಸ್ಸಂಕೋಚವಾಗಿ ಬರಮಾಡಿಕೊಂಡು ಬೆಳೆದ ನಮ್ಮ ಮಕ್ಕಳ ಸಾಹಿತ್ಯದ ದಾರಿಯನ್ನು ಪರದೆಯು ಹಿಡಿಯಲಿಲ್ಲ. ಇದರ ಹೊರೆಯನ್ನು ಹೊತ್ತವರು ಮಕ್ಕಳೇ ಎಂಬುದು ಇಲ್ಲಿನ ವಾದ.

2. ಅಚ್ಚಿನ ಮಾದರಿ: ಬರಮಾಡಿಕೊಂಡು ಒಗ್ಗಿಸಿಕೊಳ್ಳುವುದು

ಆಧುನಿಕ ಕನ್ನಡದ ಮಕ್ಕಳ ಸಾಹಿತ್ಯವು ಶಾಲೆ ಮತ್ತು ಮುದ್ರಣಗಳ ಜೊತೆಯಲ್ಲಿ ಹುಟ್ಟಿದ್ದು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರು ಸ್ವತಃ ಶಿಕ್ಷಣ ಇಲಾಖೆಯಲ್ಲಿ ದುಡಿದವರು. ಮಗುವಿನ ಬಾಯಿಗೆ ಹೊಂದುವ ಲಯ ಯಾವುದೆಂಬುದನ್ನು ಅವರು ತರಗತಿಯಿಂದ ಕಲಿತರು. ಜಿ.ಪಿ. ರಾಜರತ್ನಂ ಅವರು ‘ತುತ್ತೂರಿ’ಯ ಮೂಲಕ ಆ ಲಯವನ್ನು ಮನೆಮನೆಗೆ ಮುಟ್ಟಿಸಿದರು. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದು, ಜಗತ್ತಿನ ಜ್ಞಾನವೆಲ್ಲವನ್ನೂ ಕನ್ನಡದ ಮಗುವಿಗೆ ಕನ್ನಡದಲ್ಲೇ ಹೇಳಬಹುದೆಂಬುದನ್ನು ತೋರಿಸಿದರು. ನಿರಂಜನರ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ಏಳು ಸಂಪುಟಗಳಲ್ಲಿ ಬಂದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯು ಇದೇ ಹಂಬಲದ ಮುಂದುವರಿಕೆ.

ಈ ಪರಂಪರೆಯ ಅತ್ಯಂತ ಜನಪ್ರಿಯ ಕೃತಿಗಳಲ್ಲಿ ಹಲವು ಮೂಲತಃ ಕನ್ನಡದವಲ್ಲ ಎಂಬುದು ಗಮನಾರ್ಹ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಮೂಲ ರಾಬರ್ಟ್ ಬ್ರೌನಿಂಗನ ಕವನ. ಜರ್ಮನಿಯ ಹ್ಯಾಮೆಲಿನ್ ಪಟ್ಟಣವು ಇಲ್ಲಿ ತುಂಗಾತೀರದ ಹಳ್ಳಿಯಾಯಿತು. ಪಟ್ಟಣದ ಅಧ್ಯಕ್ಷನ ಜಾಗಕ್ಕೆ ಗೌಡ ಬಂದನು. ಕೊಳಲೂದುವವನ ಬದಲು ಕಿಂದರಿ ಹಿಡಿದ ಜೋಗಿ ಬಂದನು. ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರ ತಪ್ಪಿಗೆ ಮಕ್ಕಳನ್ನು ತೆರಬೇಕಾಗಿ ಬರುವ ಮೂಲದ ದುರಂತವು ಮಾತ್ರ ಹಾಗೆಯೇ ಉಳಿಯಿತು. ಇದನ್ನು ಅನುವಾದವೆಂದು ಓದಿದ ಮಗು ಇರಲಾರದು.

ನಿಯತಕಾಲಿಕೆಗಳಲ್ಲಿಯೂ ಇದೇ ಮಾದರಿ ಕಾಣುತ್ತದೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈನಲ್ಲಿ ತೆಲುಗು ಹಾಗೂ ತಮಿಳಿನಲ್ಲಿ ಆರಂಭಿಸಿದ ‘ಚಂದಮಾಮ’ವು 1949ರಲ್ಲಿ ಕನ್ನಡಕ್ಕೆ ಬಂದಿತು. ಕಥೆಗಳು ಬಹುಮಟ್ಟಿಗೆ ತೆಲುಗಿನಲ್ಲಿ ಸಿದ್ಧವಾಗಿ ಇತರ ಭಾಷೆಗಳಿಗೆ ಅನುವಾದಗೊಳ್ಳುತ್ತಿದ್ದವು. ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯ ಅವರ ಚಿತ್ರಗಳು ಎಲ್ಲ ಭಾಷೆಗಳ ಮಕ್ಕಳಿಗೂ ಮಹಾಭಾರತದ ಪಾತ್ರಗಳ ಮುಖಗಳನ್ನು ಕೊಟ್ಟವು. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು 1967ರಲ್ಲಿ ರೂಪಿಸಿದ ‘ಅಮರ ಚಿತ್ರಕಥೆ’ಯ ಇತಿಹಾಸವೂ ಕುತೂಹಲಕರವಾಗಿದೆ. ಆ ಮಾಲಿಕೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಿನ್ನರ ಕಥೆಗಳು. ಹನ್ನೊಂದನೆಯದಾದ ‘ಕೃಷ್ಣ’ದಿಂದ ಅದು ಭಾರತೀಯ ವಸ್ತುವಿನತ್ತ ಹೊರಳಿತು. ಅನ್ಯದ ಮಾದರಿಯನ್ನು ಪಡೆದು ತನ್ನ ವಸ್ತುವನ್ನು ಹೇಳುವ ಕ್ರಮವೇ ಇಲ್ಲಿಯೂ ಇದೆ.

ಅಚ್ಚಿನ ಈ ಲೋಕವನ್ನು ಆದರ್ಶೀಕರಿಸಬೇಕಾಗಿಲ್ಲ. ಚಂದಮಾಮದ ರಾಜರು, ಪಂಡಿತರು, ಜಮೀನುದಾರರ ನಡುವೆ ದುಡಿಯುವ ಮನೆಯ ಮಗುವಿಗೆ ತನ್ನ ಮುಖ ಕಾಣುವುದು ಅಪರೂಪವಾಗಿತ್ತು. ಚಿತ್ರಕಥೆಗಳಲ್ಲಿ ದೇವತೆಗಳನ್ನು ಬೆಳ್ಳಗೂ ರಾಕ್ಷಸರನ್ನು ಕಪ್ಪಾಗಿಯೂ ಚಿತ್ರಿಸಿದ ಬಗ್ಗೆ ಬಂದಿರುವ ಆಕ್ಷೇಪಗಳು ನ್ಯಾಯವಾದವು. ಅದಕ್ಕಿಂತ ಮುಖ್ಯವಾಗಿ, ಪತ್ರಿಕೆ ಕೊಳ್ಳುವ ಶಕ್ತಿಯುಳ್ಳ, ಅಕ್ಷರ ಬಲ್ಲ ಮನೆಗಳನ್ನು ಮಾತ್ರ ಅದು ತಲುಪುತ್ತಿತ್ತು. ಪುಸ್ತಕವಿಲ್ಲದ ಮನೆಯನ್ನೂ ತಲುಪಬಲ್ಲ ಮಾಧ್ಯಮವೆಂದರೆ ಪರದೆ. ಆದುದರಿಂದಲೇ ಪರದೆಯ ಭಾಷೆ ಮಹತ್ವದ್ದಾಗುತ್ತದೆ.

3. ಸೈಟ್: ಒಂದು ವರ್ಷದ ಕನ್ನಡ ಪರದೆ

ಕನ್ನಡದ ಮಕ್ಕಳು ದೂರದರ್ಶನವನ್ನು ತಮ್ಮ ಭಾಷೆಯಲ್ಲಿ ಮೊದಲು ಕಂಡದ್ದು ಬೆಂಗಳೂರಿನಲ್ಲಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ರಾಜಧಾನಿಯ ಮಗುವಿಗಿಂತ ಆರು ವರ್ಷ ಮೊದಲೇ ಬರಪೀಡಿತ ಸೀಮೆಯ ಹಳ್ಳಿಯ ಮಗು ಕನ್ನಡ ಮಾತನಾಡುವ ಪರದೆಯನ್ನು ಕಂಡಿತ್ತು.

ಸೈಟ್‍ನ ಬೆಳಗಿನ ಒಂದೂವರೆ ಗಂಟೆಯ ಪ್ರಸಾರವು ಐದರಿಂದ ಹನ್ನೆರಡು ವರ್ಷದ ಶಾಲಾ ಮಕ್ಕಳಿಗೆ ಮೀಸಲಾಗಿತ್ತು. ಹಿಂದಿ, ಒರಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ಅದು ಹಂಚಿಕೆಯಾದುದರಿಂದ ಕನ್ನಡದ ಪಾಲಿಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷಗಳು ದೊರೆತವು. ಈ ಪ್ರಮಾಣ ಅಲ್ಪವೇ ಸರಿ. ಕನ್ನಡ ಕಾರ್ಯಕ್ರಮಗಳು ತೆಲುಗಿನವುಗಳೊಂದಿಗೆ ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ರಾಯಚೂರಿನ ಹಳ್ಳಿಯ ಮಗುವಿನ ಆಡುನುಡಿಗೂ ಪರದೆಯ ನುಡಿಗೂ ಅಂತರವಿದ್ದಿರಬಹುದು. ಆದರೂ ಮಗುವಿಗೆ ಅದರ ಭಾಷೆಯಲ್ಲಿ ಕಾರ್ಯಕ್ರಮ ಕೊಡುವುದು ಸಾರ್ವಜನಿಕ ಕರ್ತವ್ಯವೆಂಬ ತತ್ತ್ವ ಅಲ್ಲಿತ್ತು. ಒಪ್ಪಂದದ ವರ್ಷ ಮುಗಿದೊಡನೆ ಉಪಗ್ರಹ ದೂರ ಸರಿಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರ ಆರಂಭವಾಯಿತಾದರೂ, ಮಕ್ಕಳನ್ನೇ ಮೊದಲ ಪ್ರೇಕ್ಷಕರೆಂದು ಎಣಿಸಿದ ಆ ಬೆಳಗಿನ ವೇಳಾಪಟ್ಟಿ ಮುಂದಿನ ದಶಕಗಳ ಮಾದರಿಯಾಗಲಿಲ್ಲ.

4. ಡಬ್ಬಿಂಗ್ ವಿವಾದದಲ್ಲಿ ಮಗು

1980ರ ದಶಕದಲ್ಲಿ ರಾಷ್ಟ್ರೀಯ ಜಾಲವಾಗಿ ಬೆಳೆದ ದೂರದರ್ಶನದ ಪ್ರಧಾನ ಭಾಷೆ ಹಿಂದಿಯಾಯಿತು. ಇದಕ್ಕೆ ‘ಮಾಲ್ಗುಡಿ ಡೇಸ್’ ಅತ್ಯುತ್ತಮ ನಿದರ್ಶನ. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ನಟಿಸಿದರು. ನೆಲ, ಮಳೆ, ಮನೆ, ಮುಖ ಎಲ್ಲವೂ ಇಲ್ಲಿನವು. ಮಾತು ಮಾತ್ರ ಹಿಂದಿ. ಆ ಸ್ವಾಮಿ ಕಿರುತೆರೆಯಲ್ಲಿ ಕನ್ನಡ ಮಾತನಾಡಿದ್ದು 2020ರ ಲಾಕ್‍ಡೌನ್ ಕಾಲದಲ್ಲಿ, ಕನ್ನಡದ ಖಾಸಗಿ ವಾಹಿನಿಯೊಂದು ಅದನ್ನು ಡಬ್ ಮಾಡಿ ಪ್ರಸಾರ ಮಾಡಿದಾಗ. ಮೂಲ ಧಾರಾವಾಹಿಯನ್ನು ಕಂಡ ಮಕ್ಕಳು ಅಷ್ಟರಲ್ಲಿ ನಡುವಯಸ್ಸಿನವರಾಗಿದ್ದರು.

ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ನಿಲುವು 1960ರ ದಶಕದ ಕನ್ನಡ ಚಳವಳಿಯ ಕಾಲದ್ದು. ಅನ್ಯಭಾಷಾ ಚಿತ್ರಗಳ ಒತ್ತಡದಲ್ಲಿ ನಲುಗುತ್ತಿದ್ದ ಸಣ್ಣ ಚಿತ್ರೋದ್ಯಮದ ಕಲಾವಿದರು, ತಂತ್ರಜ್ಞರು, ಬರಹಗಾರರ ಬದುಕಿಗೆ ಅದು ಆಸರೆಯಾಯಿತು. ಆ ಕಾಲದ ಅಗತ್ಯವನ್ನು ಇಂದು ನಿಂತು ಅಲ್ಲಗಳೆಯುವುದು ಸರಿಯಲ್ಲ. ಆದರೆ ಯಾವ ಕಾನೂನಿನಲ್ಲಿಯೂ ಇಲ್ಲದ ಈ ಕಟ್ಟುಪಾಡು ಮುಂದೆ ಕಿರುತೆರೆಗೂ ವಿಸ್ತರಿಸಿದಾಗ ಅದರ ಪರಿಣಾಮ ಬೇರೆಯಾಯಿತು. ಚಲನಚಿತ್ರದಲ್ಲಿ ಡಬ್ಬಿಂಗ್‍ಗೆ ಪರ್ಯಾಯವಾಗಿ ಸ್ವತಂತ್ರ ಚಿತ್ರ ಅಥವಾ ರೀಮೇಕ್ ಇದ್ದವು. ಅಪಾರ ಬಂಡವಾಳ ಬೇಡುವ ಅನಿಮೇಷನ್ ಸರಣಿಗಳಿಗೆ ಅಂತಹ ಪರ್ಯಾಯವಿರಲಿಲ್ಲ. ಹೀಗಾಗಿ ಕನ್ನಡದ ಮಗುವಿನ ಮುಂದಿದ್ದ ಆಯ್ಕೆ ಡಬ್ಬಿಂಗ್ ಮತ್ತು ಸ್ವಂತ ನಿರ್ಮಾಣಗಳ ನಡುವಿನದಾಗಿರಲಿಲ್ಲ. ಕನ್ನಡ ಮತ್ತು ಕನ್ನಡೇತರಗಳ ನಡುವಿನದಾಗಿತ್ತು.

ಇಲ್ಲಿ ಒಂದು ವಿಪರ್ಯಾಸವನ್ನು ಗುರುತಿಸಬೇಕು. 1993ರಲ್ಲಿ ದೂರದರ್ಶನವು ಪ್ರಸಾರ ಮಾಡಿದ ‘ಜಂಗಲ್ ಬುಕ್’ ಜಪಾನಿನಲ್ಲಿ ತಯಾರಾಗಿ ಹಿಂದಿಗೆ ಡಬ್ ಆದದ್ದು. ಅದನ್ನು ಕರ್ನಾಟಕದ ಮಕ್ಕಳೂ ನೋಡಿದರು. ಎಂದರೆ ನಮ್ಮ ಮಕ್ಕಳು ಡಬ್ ಆದ ಕಾರ್ಯಕ್ರಮಗಳನ್ನು ನೋಡದಂತೆ ಯಾರೂ ತಡೆದಿರಲಿಲ್ಲ. ತಡೆಯಲ್ಪಟ್ಟದ್ದು ಕನ್ನಡಕ್ಕೆ ಡಬ್ ಆಗುವುದು ಮಾತ್ರ. 1990ರ ದಶಕದಲ್ಲಿ ಹುಟ್ಟಿದ ಪ್ರಸ್ತುತ ಲೇಖಕಿಯ ಓಣಿಯಲ್ಲಿ ಮಕ್ಕಳ ಆಟ, ಜಗಳ, ರಾಜಿಗಳೆಲ್ಲ ಕನ್ನಡದಲ್ಲಿ ನಡೆಯುತ್ತಿದ್ದವು. ‘ಶಕ್ತಿಮಾನ್’ ಆಡುವ ಹೊತ್ತಿಗೆ ಮಾತ್ರ ಅರ್ಥವಾದಷ್ಟು ಹಿಂದಿಯನ್ನು ಎಲ್ಲರೂ ಕೂಗುತ್ತಿದ್ದರು. ಸಾಹಸ, ಶಕ್ತಿ, ಹಾಸ್ಯ, ವಿಜ್ಞಾನಗಳ ಭಾಷೆ ಬೇರೆ, ಮನೆಯ ಭಾಷೆ ಬೇರೆ ಎಂಬ ತಿಳಿವಳಿಕೆ ಹೀಗೆ ಯಾರೂ ಕಲಿಸದೆಯೇ ಬಂದಿತು. ಹೆಚ್ಚಿನ ಭಾಷೆ ಕಲಿಯುವುದು ಲಾಭವೇ ಎಂಬ ವಾದವುಂಟು. ಆ ಲಾಭವು ಮಗುವಿನ ಸ್ವಭಾಷೆಯ ಜೊತೆಗೆ ಬರಬೇಕೇ ಹೊರತು ಅದರ ಬದಲಿಗೆ ಬರಬಾರದು.

2007ರಲ್ಲಿ ತಮಿಳಿಗೆ ‘ಚುಟ್ಟಿ ಟಿವಿ’ ಬಂದ ಬಳಿಕ 2009ರಲ್ಲಿ ಕನ್ನಡಕ್ಕೆ ‘ಚಿಂಟು ಟಿವಿ’ ಬಂದಿತು. ಡಬ್ಬಿಂಗ್ ವಿರೋಧ ಇನ್ನೂ ಪ್ರಬಲವಾಗಿದ್ದಾಗಲೇ ಮಕ್ಕಳ ಅನಿಮೇಷನ್ ಕನ್ನಡ ಮಾತನಾಡತೊಡಗಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ಮೇಲಿನ ಅಲಿಖಿತ ನಿರ್ಬಂಧವು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಆದೇಶ ನೀಡಿತು. ವಿವಾದವು ಕೊನೆಗೆ ಮಾರುಕಟ್ಟೆಯ ಕಾನೂನಿನ ನೆಲೆಯಲ್ಲಿ ಇತ್ಯರ್ಥವಾಯಿತೇ ಹೊರತು ಮಗುವಿನ ಭಾಷಿಕ ಹಕ್ಕಿನ ನೆಲೆಯಲ್ಲಿ ಅಲ್ಲ ಎಂಬುದು ವಿಚಾರಾರ್ಹ.

ಡಬ್ಬಿಂಗ್ ತಾನೇ ಪರಿಹಾರವೆಂದು ಹೇಳುವಂತಿಲ್ಲ. ಕುವೆಂಪು ಅವರಿಗೆ ಹ್ಯಾಮೆಲಿನನ್ನು ಬೊಮ್ಮನಹಳ್ಳಿಯಾಗಿಸುವ ಸ್ವಾತಂತ್ರ್ಯವಿತ್ತು. ಡಬ್ಬಿಂಗ್ ಬರಹಗಾರನಿಗೆ ಚಿತ್ರ ಬದಲಿಸುವ ಅವಕಾಶವಿಲ್ಲ. ಪಾತ್ರದ ತುಟಿಯ ಚಲನೆಗೆ ಮಾತನ್ನು ಹೊಂದಿಸಬೇಕು. ಇದರಿಂದ ಕೃತಕವಾದ, ಯಾವ ಸೀಮೆಗೂ ಸೇರದ ಕನ್ನಡ ಹುಟ್ಟುವ ಅಪಾಯವಿದೆ. ಆದರೆ ಅದು ಅನುವಾದದ ಗುಣಮಟ್ಟದ ಪ್ರಶ್ನೆ. ಕೆಟ್ಟ ಅನುವಾದಕ್ಕೆ ಒಳ್ಳೆಯ ಅನುವಾದವು ಉತ್ತರವಾಗಬೇಕೇ ವಿನಾ ಅನುವಾದದ ನಿಷೇಧವಲ್ಲ.

5. ಚಲನಚಿತ್ರ: ಸಾಧನೆ ಮತ್ತು ತಲುಪುವಿಕೆ

ಒಗ್ಗಿಸಿಕೊಳ್ಳುವ ಮಾದರಿಯು ಪರದೆಯಲ್ಲಿಯೂ ಸಾಧ್ಯವೆಂಬುದಕ್ಕೆ ಎನ್. ಲಕ್ಷ್ಮೀನಾರಾಯಣ ನಿರ್ದೇಶಿಸಿದ ‘ಬೆಟ್ಟದ ಹೂವು’ (1985) ಸಾಕ್ಷಿ. ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ಬಾಲಕ ರಾಮು ಹಂಬಲಿಸುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥಕ್ಕಾಗಿ. ಹೂವು ಮಾರಿ ಕೂಡಿಟ್ಟ ಹಣದಲ್ಲಿ ಕೊನೆಗೆ ಅವನು ಪುಸ್ತಕದ ಬದಲು ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಮಗುವಿಗೂ ಪುಸ್ತಕಕ್ಕೂ ನಡುವೆ ನಿಂತಿರುವುದು ಆಸಕ್ತಿಯ ಕೊರತೆಯಲ್ಲ, ಬಡತನ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕೃತಿಗಳು ವಿರಳ. ಈ ಪಾತ್ರಕ್ಕಾಗಿ ಪುನೀತ್ ರಾಜ್‍ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಟಿ.ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ (1993), ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿದ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ (1994) ಚಿತ್ರಗಳು ಗ್ರಾಮೀಣ ಮಗುವನ್ನು ನಾಯಕನನ್ನಾಗಿಸಿದವು. ಮುಂದೆ ‘ಗುಬ್ಬಚ್ಚಿಗಳು’, ‘ಪುಟಾಣಿ ಪಾರ್ಟಿ’, ‘ಹೆಜ್ಜೆಗಳು’ ಚಿತ್ರಗಳು ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆದವು. ಆದರೆ ಪ್ರಶಸ್ತಿ ಪಡೆದ ಮಕ್ಕಳ ಚಿತ್ರಗಳು ಮಕ್ಕಳನ್ನು ತಲುಪುವುದು ಸುಲಭವಲ್ಲ. ಚಿತ್ರಮಂದಿರದ ವ್ಯವಹಾರದಲ್ಲಿ ಮಗು ಸ್ವತಂತ್ರ ಗಿರಾಕಿಯಲ್ಲ. ಈ ಮಿತಿಯನ್ನು ದಾಟಿದ್ದು 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಕೇರಳದ ಗಡಿಯಲ್ಲಿ ಕನ್ನಡ ಶಾಲೆ ಉಳಿಸಿಕೊಳ್ಳಲು ಮಕ್ಕಳು ನಡೆಸುವ ಹೋರಾಟದ ಈ ಕಥೆಯಲ್ಲಿ ‘ಮಾಧ್ಯಮ’ದ ಎರಡೂ ಅರ್ಥಗಳು ಒಂದೆಡೆ ಸೇರಿದವು. ಕನ್ನಡ ಮಾಧ್ಯಮದ ಪ್ರಶ್ನೆಯನ್ನು ಒಂದು ಸಮೂಹ ಮಾಧ್ಯಮವು ಮಕ್ಕಳ ಬಾಯಿಂದಲೇ ಕೇಳಿಸಿತು. ಚಿತ್ರಮಂದಿರಗಳಲ್ಲಿ ಅದು ಗಳಿಸಿದ ಯಶಸ್ಸು ಇಂತಹ ಪ್ರಶ್ನೆಗೆ ಪ್ರೇಕ್ಷಕರಿದ್ದಾರೆ ಎಂಬುದನ್ನು ತೋರಿಸಿತು.

6. ಉಪಸಂಹಾರ

ಇಂದು ಚಿತ್ರ ಮತ್ತೆ ಬದಲಾಗಿದೆ. 2013ರ ವೇಳೆಗೆ ‘ಚಂದಮಾಮ’ ನಿಂತುಹೋಯಿತು. ಮಗುವಿನ ಕೈಗೆ ಮೊಬೈಲ್ ಬಂದಿದೆ. ಇನ್ನೊಂದೆಡೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಸಚಿತ್ರ ಮಕ್ಕಳ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಯಾರು ಬೇಕಾದರೂ ಅವುಗಳನ್ನು ಅನುವಾದಿಸಬಹುದು. ಪಂಜೆ, ಕುವೆಂಪು ಅವರ ದಾರಿ ಹೊಸ ತಂತ್ರಜ್ಞಾನದಲ್ಲಿಯೂ ತೆರೆದೇ ಇದೆ ಎಂಬುದಕ್ಕೆ ಇದು ನಿದರ್ಶನ.

ಮೇಲಿನ ವಿವೇಚನೆಯಿಂದ ಮೂರು ಕಾರ್ಯಗಳು ಮುಖ್ಯವೆಂದು ತೋರುತ್ತವೆ. ಮೊದಲನೆಯದಾಗಿ, ಮಕ್ಕಳಿಗಾಗಿ ಡಬ್ ಆಗುವ ಕಾರ್ಯಕ್ರಮಗಳ ಬರವಣಿಗೆಯನ್ನು ಮಕ್ಕಳ ಸಾಹಿತ್ಯದ ಭಾಗವೆಂದು ಪರಿಗಣಿಸಿ, ಕವಿಗಳು, ಅನುವಾದಕರು ಅದರಲ್ಲಿ ತೊಡಗಬೇಕು. ಕಲಬುರಗಿ, ಧಾರವಾಡ, ಮಂಗಳೂರು, ಚಾಮರಾಜನಗರಗಳ ನುಡಿಗಳೂ ಪರದೆಯಲ್ಲಿ ಕೇಳಿಸಬೇಕು. ಎರಡನೆಯದಾಗಿ, ಹಳೆಯ ಮಕ್ಕಳ ಪತ್ರಿಕೆಗಳು, ಬಾನುಲಿ-ದೂರದರ್ಶನ ಕಾರ್ಯಕ್ರಮಗಳು ಚದುರಿಹೋಗುವ ಮುನ್ನ ಸಂಗ್ರಹವಾಗಬೇಕು. ಮೂರನೆಯದಾಗಿ, ಕನ್ನಡ ಅಧ್ಯಯನ ವಿಭಾಗಗಳು ಮಕ್ಕಳ ಮಾಧ್ಯಮವನ್ನು ಶಿಶುಗೀತೆಗಳ ಪಟ್ಟಿಗೆ ಸೀಮಿತಗೊಳಿಸದೆ, ಪರದೆಯ ಕನ್ನಡವನ್ನೂ ಸಂಶೋಧನೆಯ ವಸ್ತುವಾಗಿ ಸ್ವೀಕರಿಸಬೇಕು.

ನಾಲ್ಕನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿಯಲಿ ಎಂದು ಹೋರಾಡಿದ ಸಮಾಜವು ಅದೇ ಮಗು ಕನ್ನಡದಲ್ಲಿ ಕಾರ್ಟೂನ್ ನೋಡಿ ನಗಲಿ ಎಂದು ಕೇಳಲು ದೀರ್ಘಕಾಲ ತಡಮಾಡಿತು. ಶಾಲೆಯ ಕನ್ನಡವನ್ನು ಉಳಿಸುವ ಕೆಲಸಕ್ಕೂ ಬಿಡುವಿನ ವೇಳೆಯ ಕನ್ನಡವನ್ನು ಬೆಳೆಸುವ ಕೆಲಸಕ್ಕೂ ಇರುವ ಸಂಬಂಧವನ್ನು ಅರಿತಾಗ ಮಾತ್ರ ಆ ತಡವನ್ನು ತುಂಬಿಕೊಳ್ಳಲು ಸಾಧ್ಯ.